ಲಿಫ್ಟ್ ಹತ್ತಬಾರದ ಬೆಕ್ಕು: ಸಿಂಗಪುರದ 35 ವರ್ಷಗಳ ನಿಷೇಧ

ಸಿಂಗಪುರದ ಸರ್ಕಾರಿ ಫ್ಲ್ಯಾಟುಗಳಲ್ಲಿ 2024ರ ಆಗಸ್ಟ್ 31ರವರೆಗೆ ಬೆಕ್ಕು ಸಾಕುವುದು ತಪ್ಪು. ಮರುದಿನ ಬೆಳಗ್ಗೆಯಿಂದ ತಪ್ಪಲ್ಲ. ಬೆಕ್ಕುಗಳಿಗೆ ಇದ್ಯಾವುದೂ ಗೊತ್ತಾಗಲಿಲ್ಲ. ರಾತ್ರಿ ಯಾವ ಸೋಫಾದ ಮೇಲೆ ಮಲಗಿದ್ದವೋ ಅದೇ ಸೋಫಾದ ಮೇಲೆ ಎದ್ದು ಮೈಮುರಿದವು. ಏಕೆಂದರೆ ಅವು 1989ರಿಂದ ಜಾರಿಯಲ್ಲಿದ್ದ ನಿಷೇಧದ ಉದ್ದಕ್ಕೂ ಅಲ್ಲೇ ಇದ್ದವು.

ಬೆಕ್ಕು ಸಾಕುವುದನ್ನು ಕಾನೂನಿನಿಂದಲೇ ನಿಲ್ಲಿಸಬೇಕೆ ಎಂಬ ವಾದ ನಮ್ಮಲ್ಲೂ ಆಗಾಗ ಏಳುತ್ತದೆ. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಬೋರ್‌ವೆಲ್ಲು, ಪಾರ್ಕಿಂಗು ಮುಗಿದ ಮೇಲೆ ಯಾರೋ ಮೆಟ್ಟಿಲ ಮೇಲಿನ ಗಲೀಜಿನ ಮಾತು ತೆಗೆಯುತ್ತಾರೆ, ಇನ್ಯಾರೋ ಮೂಕಪ್ರಾಣಿಯ ಮಾತು ತೆಗೆಯುತ್ತಾರೆ. ಇಬ್ಬರೂ ಮಾತಾಡುವುದು ಊಹೆಯ ಮೇಲೆ. ಊಹೆಯ ಅಗತ್ಯವೇ ಇಲ್ಲ. ಚ್ಯೂಯಿಂಗ್ ಗಮ್ ಮಾರಾಟವನ್ನೇ ನಿಷೇಧಿಸಿ ಅದನ್ನು ಪಾಲಿಸಿ ತೋರಿಸಿದ ಊರು ಸಿಂಗಪುರ. ಅಂಥ ಊರು ಬೆಕ್ಕಿನ ನಿಷೇಧವನ್ನು 35 ವರ್ಷ ನಡೆಸಿ, ಕೊನೆಗೆ ತಾನಾಗಿಯೇ ಕೈಬಿಟ್ಟಿತು. ಎಲ್ಲಿ ಎಡವಿತು ಎಂಬುದು ನೋಡುವಂಥದ್ದು.

ನಿಯಮ ಬಂದದ್ದು ಹೇಗೆ

ಅಲ್ಲಿನ ವಸತಿ ಮಂಡಳಿಯನ್ನು ಎಲ್ಲರೂ ಎಚ್‌ಡಿಬಿ ಎನ್ನುತ್ತಾರೆ. 1960ರಲ್ಲಿ ಶುರುವಾದ ಮಂಡಳಿ ಅದು. ಕಂಪೊಂಗ್ ಎಂದು ಕರೆಯುವ ಹಳ್ಳಿಗಳಲ್ಲಿ, ತಗಡಿನ ಮತ್ತು ಗರಿಯ ಸೂರಿನಡಿ ಇದ್ದವರನ್ನು ಎತ್ತಿ ಹತ್ತಿಪ್ಪತ್ತು ಮಹಡಿಯ ಕಟ್ಟಡಗಳಿಗೆ ಸೇರಿಸಿತು. ಇವತ್ತು ಅಲ್ಲಿನ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಎಂಟು ಮಂದಿ ಎಚ್‌ಡಿಬಿ ಮನೆಗಳಲ್ಲೇ ಇದ್ದಾರೆ. 'ಸರ್ಕಾರಿ ಫ್ಲ್ಯಾಟ್' ಎಂದಾಗ ನಮ್ಮ ಕಣ್ಣಿಗೆ ಬರುವ ಬಣ್ಣ ಮಾಸಿದ ಕ್ವಾರ್ಟರ್ಸ್ ಅಲ್ಲ ಅದು. ಮೇಷ್ಟರು, ಎಂಜಿನಿಯರು, ಬಸ್ ಡ್ರೈವರ್ ಎಲ್ಲರೂ ಇರುವ ಮನೆ. 99 ವರ್ಷದ ಗುತ್ತಿಗೆಗೆ ಮನೆ ಸಿಗುತ್ತದೆ, ಜತೆಗೆ ಮಂಡಳಿಯ ನಿಯಮಗಳೂ ಹೊಸ್ತಿಲು ದಾಟಿ ಒಳಗೆ ಬರುತ್ತವೆ. ಯಾವ ಬ್ಲಾಕಿನಲ್ಲಿ ಚೀನೀಯರು, ಮಲಯರು, ಭಾರತೀಯರು ಎಷ್ಟೆಷ್ಟು ಪ್ರಮಾಣದಲ್ಲಿರಬೇಕು ಎಂಬ ಮಿತಿ ಹಾಕಿದ್ದೂ 1989ರಲ್ಲೇ. ಅದಕ್ಕೂ ಬೆಕ್ಕಿಗೂ ಸಂಬಂಧವಿತ್ತು ಎನ್ನುತ್ತಿಲ್ಲ. ಆದರೆ ಅಕ್ಕಪಕ್ಕದವರ ಜಗಳವನ್ನು ಅಕ್ಕಪಕ್ಕದವರಿಗೇ ಬಿಡದ ಸರ್ಕಾರ ಅದು ಎಂಬುದು ಇದರಿಂದ ತಿಳಿಯುತ್ತದೆ.

ನಿಷೇಧಕ್ಕೆ ಮಂಡಳಿ ಕೊಟ್ಟ ಕಾರಣಗಳು ಹುಚ್ಚು ಕಾರಣಗಳಲ್ಲ. ಬೆಕ್ಕನ್ನು ಮನೆಯೊಳಗೆ ಹಿಡಿದಿಡುವುದು ಕಷ್ಟ. ಹೊರಗೆ ಬಿಟ್ಟರೆ ಕೂದಲು ಉದುರಿಸುತ್ತದೆ, ಎಲ್ಲೆಂದರಲ್ಲಿ ಹೇಲು ಉಚ್ಚೆ ಮಾಡುತ್ತದೆ, ಬೆದೆಗೆ ಬಂದಾಗ ಕೂಗುತ್ತದೆ, ನೆರೆಯವರಿಗೆ ತೊಂದರೆ. ಬೆದೆಯ ಬೆಕ್ಕಿನ ಕೂಗನ್ನು ಕಾಂಕ್ರೀಟ್ ಕಾರಿಡಾರಿನಲ್ಲಿ ರಾತ್ರಿ ಎರಡು ಗಂಟೆಗೆ ಕೇಳಿದವರು ಈ ಕಾರಣಗಳನ್ನು ನೋಡಿ ನಗುವುದಿಲ್ಲ. ಎಳೆಗೂಸು ಅತ್ತ ಹಾಗಿರುತ್ತದೆ ಅದು. ಗಂಡು ಬೆಕ್ಕು ಗುರುತು ಹಾಕಿದ ಬಾಗಿಲಿನ ವಾಸನೆ ಫಿನಾಯಿಲಿಗೂ ಜಗ್ಗುವುದಿಲ್ಲ.

ನಿಯಮ ಮುರಿದರೆ 4,000 ಸಿಂಗಪುರ ಡಾಲರ್‌ವರೆಗೆ ದಂಡ. ಅದೇ ಫ್ಲ್ಯಾಟಿನಲ್ಲಿ ಒಪ್ಪಿಗೆಯ ಪಟ್ಟಿಯಲ್ಲಿರುವ ಸಣ್ಣ ತಳಿಯ ನಾಯಿಯನ್ನು ಮಾತ್ರ ಒಂದು ಸಾಕಬಹುದಿತ್ತು. ಬೊಗಳುವುದಕ್ಕೆ ಒಪ್ಪಿಗೆ, ಮಿಯಾಂವ್ ಎನ್ನುವುದಕ್ಕೆ ದಂಡ. ಅಲ್ಲಿನ ಮಲಯ್ ಮುಸ್ಲಿಂ ಕುಟುಂಬಗಳಲ್ಲಿ ನಾಯಿ ಸಾಕುವುದು ವಿರಳ, ಬೆಕ್ಕೆಂದರೆ ಅಕ್ಕರೆ ಜಾಸ್ತಿ. ಹಾಗಾಗಿ ಎಲ್ಲರಿಗೂ ಒಂದೇ ಎಂದು ಬರೆದ ನಿಯಮ ಎಲ್ಲರ ಮನೆಯಲ್ಲೂ ಒಂದೇ ತೂಕದಲ್ಲಿ ಕೂರಲಿಲ್ಲ. ಕಾಂಡೊಮಿನಿಯಂ ಎನ್ನುವ ಖಾಸಗಿ ಅಪಾರ್ಟ್‌ಮೆಂಟುಗಳಲ್ಲಂತೂ ಈ ನಿಷೇಧವೇ ಇರಲಿಲ್ಲ. ದುಡ್ಡಿದ್ದವರ ಬೆಕ್ಕಿಗೂ ಕೂದಲು ಉದುರುತ್ತದಲ್ಲ, ಅದು ಯಾರ ಮೂಗಿಗೂ ಹೋಗುತ್ತಿರಲಿಲ್ಲವೇನೋ.

ಪ್ರತಿಮೆಗೆ ಮರ್ಯಾದೆ

ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ತುಣುಕು ಇದು. ಬೆಕ್ಕನ್ನು ಫ್ಲ್ಯಾಟಿನಿಂದ ಹೊರಗಿಟ್ಟ ಒಂದೆರಡು ವರ್ಷಗಳಲ್ಲೇ ಸಿಂಗಪುರದ ಪ್ರವಾಸೋದ್ಯಮ ಮಂಡಳಿ ಬೆಕ್ಕೊಂದನ್ನು ತನ್ನ ಲಾಂಛನ ಮಾಡಿಕೊಂಡಿತು. ಸಿಂಗಪುರ ಎಂಬ ಹೆಸರಿನದೇ ತಳಿ. ಪುಟ್ಟ ಮೈ, ದೊಡ್ಡ ಕಣ್ಣು. ಅದಕ್ಕೊಂದು ಮುದ್ದಿನ ಹೆಸರು ಬೇಕಿತ್ತು, 'ಕುಚಿಂತಾ' ಎಂದಿಟ್ಟರು. ಮಲಯ್ ಭಾಷೆಯಲ್ಲಿ ಕುಚಿಂಗ್ ಎಂದರೆ ಬೆಕ್ಕು, ಚಿಂತಾ ಎಂದರೆ ಪ್ರೀತಿ. ಸಂಸ್ಕೃತದ ಅದೇ ಚಿಂತಾ. ನಮ್ಮಲ್ಲಿಗೆ ಬಂದು ತಲೆನೋವಾಯಿತು, ಕಡಲು ದಾಟಿ ಹೋಗಿ ಒಲವಾಯಿತು. ಎಚ್‌ಡಿಬಿ ಅಧಿಕಾರಿಗಳು ಈ ಹೆಸರನ್ನು ಕನ್ನಡದಲ್ಲಿ ಓದಿಕೊಂಡಿರಬೇಕು.

ಸಿಂಗಪುರ ನದಿಯ ದಂಡೆಯಲ್ಲಿ ಕುಚಿಂತಾದ ಪ್ರತಿಮೆಗಳನ್ನೂ ಇಟ್ಟರು. ಅಷ್ಟರಲ್ಲಿ ಒಂದು ಎಡವಟ್ಟು ಹೊರಬಿದ್ದಿತ್ತು. ಈ ತಳಿಯ ಮೂಲ ಬೆಕ್ಕುಗಳನ್ನು 1975ರಲ್ಲಿ ಸಿಂಗಪುರದಿಂದ ಅಮೆರಿಕಕ್ಕೆ ಒಯ್ದದ್ದು ಒಬ್ಬ ಅಮೆರಿಕನ್ ದಂಪತಿ. ಆ ಬೆಕ್ಕುಗಳು 1974ರಲ್ಲಿ ಅಮೆರಿಕದಿಂದಲೇ ಸಿಂಗಪುರಕ್ಕೆ ಬಂದಿದ್ದವು ಎನ್ನುವ ಆಮದು ಕಾಗದ ಮುಂದೆ ಸಿಕ್ಕಿತು. ಸಿಂಗಪುರದ ಬೆಕ್ಕು ನಿಜಕ್ಕೂ ಸಿಂಗಪುರದ್ದೋ ಅಲ್ಲವೋ ಎಂಬ ಚರ್ಚೆ ಎದ್ದಿತು. ಪ್ರವಾಸೋದ್ಯಮದವರು ತಲೆ ಕೆಡಿಸಿಕೊಳ್ಳದೆ ಲಾಂಛನವನ್ನು ಉಳಿಸಿಕೊಂಡರು. ಹೊರಗಿನವರಿಗೆ ತೋರಿಸಲು ಬೆಕ್ಕು, ಒಳಗಿನವರು ಸಾಕಿದರೆ ದಂಡ.

ಯಾರ ಬೆಕ್ಕು?

ಮಲೆನಾಡಿನ ನಮ್ಮ ಅಜ್ಜಿಯ ಮನೆಯಲ್ಲಿ ಬೆಕ್ಕುಗಳಿಗೆ ಲೆಕ್ಕವಿರಲಿಲ್ಲ. ಅಟ್ಟದಲ್ಲಿ ಮರಿ ಹಾಕುತ್ತಿದ್ದವು, ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ಹಾಜರಿ ಹಾಕುತ್ತಿದ್ದವು. 'ಬೆಕ್ಕು ಸಾಕಿದ್ದೀರಾ?' ಎಂದು ಯಾರಾದರೂ ಕೇಳಿದರೆ ಅಜ್ಜಿ, 'ಸಾಕೋದೇನು ಬಂತು, ಅದಾಗೇ ಇದ್ದಾವೆ' ಎನ್ನುತ್ತಿದ್ದಳು. ನಾಯಿಗೆ ಯಜಮಾನ ಇರುತ್ತಾನೆ, ಬೆಕ್ಕಿಗೆ ಮನೆ ಇರುತ್ತದೆ ಅಷ್ಟೆ. ಕಾನೂನಿಗೆ ಇದು ದೊಡ್ಡ ತೊಡಕು. ಸಾಕುವುದನ್ನು ನಿಷೇಧಿಸಬೇಕಾದರೆ ಸಾಕುವವನು ಯಾರೆಂದು ಮೊದಲು ಗೊತ್ತಾಗಬೇಕು.

ಸಿಂಗಪುರದ ನಿಷೇಧ ಸರಿಯಾಗಿ ಇಲ್ಲೇ ಸಿಕ್ಕಿಹಾಕಿಕೊಂಡಿತು. ಎಚ್‌ಡಿಬಿ ಕಟ್ಟಡಗಳ ತಳಮಹಡಿ ತೆರೆದ ಜಗಲಿಯ ಹಾಗಿರುತ್ತದೆ, ವಾಯ್ಡ್ ಡೆಕ್ ಎನ್ನುತ್ತಾರೆ. ಮದುವೆ, ಸಾವಿನ ಶಾಮಿಯಾನ, ಮುದುಕರ ಚದುರಂಗ ಎಲ್ಲ ಅಲ್ಲೇ. ಬೀದಿ ಬೆಕ್ಕುಗಳೂ ಅಲ್ಲೇ. ಅವಕ್ಕೆ ಊಟ ಹಾಕುವುದು ತಪ್ಪಲ್ಲ, ಹಾಕಿದ ಜಾಗ ಗಲೀಜು ಮಾಡದಿದ್ದರೆ ಸಾಕು. ಹೀಗೆ ಕೆಳಗೆ ಕೂತು ದಿನಾ ಮೀನು ಹಾಕಿ, ಹೆಸರಿಟ್ಟು ಕರೆದು, ಕಾಯಿಲೆಗೆ ಮದ್ದು ಕೊಡಿಸಿದರೆ ನೀವು ದಯಾವಂತರು. ಮಳೆ ಬಂತೆಂದು ಅದೇ ಬೆಕ್ಕನ್ನು ಎತ್ತಿಕೊಂಡು ಲಿಫ್ಟ್ ಹತ್ತಿ ಎಂಟನೇ ಮಹಡಿಗೆ ಒಯ್ದರೆ ತಪ್ಪಿತಸ್ಥರು. ಬೆಕ್ಕು ಬದಲಾಗಲಿಲ್ಲ, ನೀವೂ ಬದಲಾಗಲಿಲ್ಲ.

ಇನ್ನು ಎಂಟನೇ ಮಹಡಿಯಲ್ಲಿ ಗುಟ್ಟಾಗಿ ಸಾಕಿದವರ ಪಾಡು. ಮಂಡಳಿಯವರು ಮನೆಮನೆ ತಪಾಸಣೆಗೆ ಹೋಗುತ್ತಿರಲಿಲ್ಲ. ದೂರು ಬಂದರೆ ಬರುತ್ತಿದ್ದರು, ಬೆಕ್ಕನ್ನು ಬೇರೆ ಕಡೆ ಕಳಿಸಿ ಎನ್ನುತ್ತಿದ್ದರು. ದೂರು ಬರದಿದ್ದರೆ ಏನೂ ಇಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕಿನ ಚಾಳಿ ಎನ್ನುತ್ತೇವೆ; ಇಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಕುಡಿಯಿತು, ಕಣ್ಣು ಮುಚ್ಚಿಕೊಂಡದ್ದು ಸರ್ಕಾರ. ಹೀಗಾದಾಗ ನಿಷೇಧದ ಬೀಗದ ಕೈ ನೆರೆಯವರ ಕೈಗೆ ಹೋಗುತ್ತದೆ. ಶೂ ರ‍್ಯಾಕ್ ಎಲ್ಲಿಡಬೇಕೆಂದು ಜಗಳವಾದರೆ ಬೆಕ್ಕಿನ ದೂರು. ಪಿಯಾನೊ ಸದ್ದಿಗೆ ಜಗಳವಾದರೂ ಬೆಕ್ಕಿನ ದೂರೇ. ಬೆಕ್ಕಿನಿಂದ ನಿಜವಾಗಿ ತೊಂದರೆಯಾಯಿತೇ ಎಂದು ನಿಯಮ ಕೇಳುವುದಿಲ್ಲ, ಬೆಕ್ಕು ಇದೆಯೇ ಎಂದಷ್ಟೇ ಕೇಳುತ್ತದೆ.

ತೊಂದರೆಗೆ ಮದ್ದು ಮಾಡಬೇಕಾದವನೂ ಇದರಲ್ಲೇ ಕಳೆದುಹೋದ. ಕಿಟಕಿಗೆ ಜಾಲರಿ ಹಾಕಿಸಿದರೆ ಕೆಳಗಿನಿಂದ ನೋಡಿದವರಿಗೆ ಇಲ್ಲಿ ಬೆಕ್ಕಿದೆ ಎಂದು ಹೇಳಿಕೊಂಡ ಹಾಗೆ. ಹಾಕಿಸದಿದ್ದರೆ ಬೆಕ್ಕು ಕಿಟಕಿ ದಾಟಿ ಕಾರಿಡಾರಿಗೆ ಬರುತ್ತದೆ, ಇಲ್ಲವೇ ಕೆಳಗೆ ಬೀಳುತ್ತದೆ. (ಎತ್ತರದಿಂದ ಬಿದ್ದರೂ ಬೆಕ್ಕು ಸಾಯುವುದಿಲ್ಲ ಎಂಬ ನಂಬಿಕೆ ಎಲ್ಲೆಡೆ ಇದೆ. ನ್ಯೂಯಾರ್ಕಿನ ಪಶುವೈದ್ಯರು 1987ರಲ್ಲಿ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಲೆಕ್ಕ ಕೊಟ್ಟು, ಹತ್ತರಲ್ಲಿ ಒಂಬತ್ತು ಬದುಕಿದವು ಎಂದಿದ್ದರು. ಆದರೆ ಅವು ಆಸ್ಪತ್ರೆಗೆ ತಂದ ಬೆಕ್ಕುಗಳು. ಬಿದ್ದಲ್ಲೇ ಸತ್ತದ್ದನ್ನು ಯಾರು ಆಸ್ಪತ್ರೆಗೆ ಒಯ್ಯುತ್ತಾರೆ?) ಗುರುತಿಗಾಗಿ ಚರ್ಮದಡಿ ಕೂರಿಸುವ ಮೈಕ್ರೋಚಿಪ್ ಹಾಕಿಸಿ ಹೆಸರು ಬರೆಸಿದರೆ ತಪ್ಪೊಪ್ಪಿಗೆಯ ಕಾಗದ ಬರೆದುಕೊಟ್ಟ ಹಾಗೆ. ಕಳೆದುಹೋದರೆ ಎಚ್‌ಡಿಬಿ ಬ್ಲಾಕಿನ ಗೋಡೆಗೆ ಫೋಟೊ ಅಂಟಿಸಿ ಮನೆ ನಂಬರ್ ಕೊಡುವ ಹಾಗಿಲ್ಲ. ಸಂತಾನಹರಣ ಮಾಡಿಸದ ಒಂದು ಜೋಡಿ ಬಾಗಿಲು ಮುಚ್ಚಿದ ಮನೆಯಲ್ಲಿ ಹತ್ತಾಗಿ, ಇಪ್ಪತ್ತಾದರೂ ಸಹಾಯ ಕೇಳಲು ಬಾಯಿ ಬರುವುದಿಲ್ಲ. ಒಂದೇ ಫ್ಲ್ಯಾಟಿನಲ್ಲಿ ಹತ್ತಾರು ಬೆಕ್ಕು ತುಂಬಿಕೊಂಡ ಪ್ರಕರಣಗಳು ಹೊರಬಂದದ್ದು ಸಾಮಾನ್ಯವಾಗಿ ವಾಸನೆ ತಡೆಯಲಾರದೆ ಹೋದ ಮೇಲೆ. ನಿಷೇಧ ಬೆಕ್ಕನ್ನು ಓಡಿಸಲಿಲ್ಲ, ಬೆಕ್ಕಿನ ಯಜಮಾನನನ್ನು ಓಡಿಸಿತು.

ಮಧ್ಯದ ವರ್ಷಗಳು

ಬೀದಿ ಬೆಕ್ಕುಗಳ ವಿಷಯದಲ್ಲಿ ಸರ್ಕಾರ ಒಮ್ಮೆ ಹಿಂದೆ, ಒಮ್ಮೆ ಮುಂದೆ ಹೋಯಿತು. ಹಿಡಿದು ಕೊಲ್ಲುವುದರ ಬದಲು ಸಂತಾನಹರಣ ಮಾಡಿಸಿ ಬಿಡುವ ಯೋಜನೆ 1998ರಲ್ಲಿ ಬಂತು. ಮರುವರ್ಷ ಬೆಕ್ಕು ಕಲ್ಯಾಣ ಸಂಘ ಹುಟ್ಟಿತು. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ರೋಗ ಬಂದಾಗ ಯೋಜನೆ ನಿಂತು ಮತ್ತೆ ಹಿಡಿದು ಕೊಲ್ಲುವುದಕ್ಕೆ ಮರಳಿದರು. ಆ ರೋಗದ ಸಂಶಯ ಹೋದದ್ದು ಚೀನಾದ ಮಾರುಕಟ್ಟೆಯ ಪುನುಗಿನ ಮೇಲೆ. ಪುನುಗು ಬೆಕ್ಕಿನ ಜಾತಿಯೇ ಅಲ್ಲ, ನಾವೂ ಅದನ್ನು 'ಪುನುಗು ಬೆಕ್ಕು' ಎನ್ನುತ್ತೇವೆ ಅಷ್ಟೆ. ಭಯದ ದಿನಗಳಲ್ಲಿ ಬೀದಿ ಬೆಕ್ಕಿಗೆ ಆ ಸೂಕ್ಷ್ಮ ಯಾರು ನೋಡಿಯಾರು.

2015ರಿಂದಾಚೆಗೆ ಯೀಶುನ್ ಎಂಬ ಬಡಾವಣೆಯಲ್ಲಿ ಸಾಲುಸಾಲಾಗಿ ಬೆಕ್ಕುಗಳು ಸತ್ತು ಬಿದ್ದಾಗ ಊರೇ ಕೆರಳಿತು. ಒಂದನ್ನು 13ನೇ ಮಹಡಿಯಿಂದ ಎಸೆದಿದ್ದರು. ಪ್ರಾಣಿಹಿಂಸೆಗೆ 15,000 ಡಾಲರ್‌ವರೆಗೆ ದಂಡ, 18 ತಿಂಗಳವರೆಗೆ ಜೈಲು ಎಂದು ಕಾನೂನು ಆಗಷ್ಟೇ ಬಿಗಿಯಾಗಿತ್ತು. ಹೀಗೆ ಬೆಕ್ಕನ್ನು ಕೊಂದರೂ ಶಿಕ್ಷೆ, ಮನೆಗೆ ತಂದು ಕಾಪಾಡಿದರೂ ಶಿಕ್ಷೆ ಎನ್ನುವ ಪರಿಸ್ಥಿತಿ. ಯಾರಿಗಾದರೂ ಇದು ವಿಚಿತ್ರ ಅನ್ನಿಸಲೇಬೇಕಿತ್ತು, ಅನ್ನಿಸಿತು ಕೂಡ.

ಅದೇ ಯೀಶುನ್ ಕಡೆಯ ಚೊಂಗ್ ಪಾಂಗ್‌ನಲ್ಲಿ 2012ರಲ್ಲೇ ಒಂದು ಪ್ರಯೋಗ ಶುರುವಾಗಿತ್ತು. ಆ ಭಾಗದ ಸಂಸದ, ಕಾನೂನು ಸಚಿವರೂ ಆಗಿದ್ದ ಕೆ. ಷಣ್ಮುಗಂ ಅದರ ಹಿಂದಿದ್ದರು. ಫ್ಲ್ಯಾಟಿಗೆ ಎರಡು ಬೆಕ್ಕು, ಸಂತಾನಹರಣ ಆಗಿರಬೇಕು, ಚಿಪ್ ಇರಬೇಕು, ಹೊರಗೆ ಬಿಡಬಾರದು. ಇಷ್ಟೇ ಷರತ್ತು. ಇಡೀ ದೇಶದಲ್ಲಿ ತಪ್ಪಾದದ್ದು ಆ ಒಂದು ಬಡಾವಣೆಯಲ್ಲಿ ಸರಿ. ಪ್ರಯೋಗದಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೂ ಅದು ಇಡೀ ದೇಶದ ನಿಯಮವಾಗಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. ಲೂಯಿಸ್ ಎಂಗ್ ಎಂಬ ಇನ್ನೊಬ್ಬ ಸಂಸದ ಪಾರ್ಲಿಮೆಂಟಿನಲ್ಲಿ ಇದೇ ಪ್ರಶ್ನೆಯನ್ನು ಬಿಡದೆ ಎತ್ತುತ್ತ ಬಂದರು. 2022ರಲ್ಲಿ ಸರ್ಕಾರವೇ ಸಮೀಕ್ಷೆ ಮಾಡಿತು. 30,000ಕ್ಕೂ ಹೆಚ್ಚು ಜನ ಉತ್ತರಿಸಿದರು, ಹತ್ತರಲ್ಲಿ ಒಂಬತ್ತು ಮಂದಿ ಎಚ್‌ಡಿಬಿ ಮನೆಯಲ್ಲೂ ಬೆಕ್ಕು ಸಾಕಬಹುದು ಎಂದರು. ಇಂಥ ಸಮೀಕ್ಷೆಗೆ ಬೆಕ್ಕು ಪ್ರಿಯರೇ ಮುಗಿಬೀಳುತ್ತಾರೆ ಎಂಬುದನ್ನು ಬದಿಗಿಟ್ಟರೂ ಅದು ದೊಡ್ಡ ಸಂಖ್ಯೆಯೇ.

ಹೊಸ ನಿಯಮ

2024ರ ಸೆಪ್ಟೆಂಬರ್ 1ರಿಂದ ಎಚ್‌ಡಿಬಿ ಫ್ಲ್ಯಾಟಿಗೆ ಎರಡು ಬೆಕ್ಕಿನವರೆಗೆ ಅನುಮತಿ. ನಾಯಿ ಇದ್ದರೆ ಅದರ ಜತೆಗೂ ಎರಡು. ಪರವಾನಗಿ ಕಡ್ಡಾಯ, ಮೈಕ್ರೋಚಿಪ್ ಕಡ್ಡಾಯ, ಮೊದಲ ಸಲ ಪರವಾನಗಿ ಪಡೆಯುವವರು ಆನ್‌ಲೈನಿನಲ್ಲಿ ಒಂದು ಸಣ್ಣ ಪಾಠ ಮುಗಿಸಬೇಕು. ಈಗಾಗಲೇ ಬೆಕ್ಕು ಇದ್ದವರಿಗೆ 2026ರ ಆಗಸ್ಟ್ 31ರವರೆಗೆ ಗಡುವು ಕೊಟ್ಟರು. ಆ ಅವಧಿಯಲ್ಲಿ ಸಂತಾನಹರಣ ಮಾಡಿಸಿದ ಬೆಕ್ಕಿನ ಪರವಾನಗಿ ಉಚಿತ. ಬಡ ಕುಟುಂಬಗಳ ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ಮತ್ತು ಚಿಪ್ಪಿನ ನೆರವೂ ಇದೆ. ಕಾಂಡೊಮಿನಿಯಂನವರಿಗೂ ಈಗ ಮಿತಿ ಬಂತು: ನಾಯಿ ಬೆಕ್ಕು ಸೇರಿ ಮೂರು. ಹೀಗೆ ನಿಷೇಧ ತೆಗೆದ ದಿನವೇ ಸಿಂಗಪುರದ ಬೆಕ್ಕಿನ ಕಾನೂನು ಒಂದು ಲೆಕ್ಕದಲ್ಲಿ ಇನ್ನಷ್ಟು ಬಿಗಿಯಾಯಿತು. ಮೊದಲು ಕೇಳುತ್ತಿದ್ದದ್ದು 'ಬೆಕ್ಕು ಇದೆಯೋ?' ಈಗ ಕೇಳುವುದು 'ಯಾರದು, ಶಸ್ತ್ರಚಿಕಿತ್ಸೆ ಆಗಿದೆಯೋ, ಹೊರಗೆ ಬಿಡುತ್ತೀರೋ?'

ಇದರಲ್ಲಿ ನನಗೆ ಜಾಣತನ ಕಂಡದ್ದು ಮೂರನೇ ಬೆಕ್ಕಿನ ವಿಷಯದಲ್ಲಿ. ನಿಷೇಧದ ಕಾಲದಲ್ಲೇ ನಾಲ್ಕೈದು ಬೆಕ್ಕು ಸೇರಿಸಿಕೊಂಡವರನ್ನು ಏನು ಮಾಡುವುದು? ಮಿತಿ ಎರಡೇ ಎಂದು ಹಟ ಹಿಡಿದರೆ ಅವರು ಮತ್ತೆ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ಗಡುವಿನೊಳಗೆ ಪರವಾನಗಿ ಮಾಡಿಸಿದರೆ ಇರುವ ಬೆಕ್ಕುಗಳನ್ನೆಲ್ಲ ಇಟ್ಟುಕೊಳ್ಳಬಹುದು ಎಂದರು. 35 ವರ್ಷ ನಿಯಮ ಮುರಿದವರಿಗೆ, ಬನ್ನಿ ಹೆಸರು ಬರೆಸಿ, ದಂಡವಿಲ್ಲ ಎಂದು ಹೇಳಲು ಯಾವ ಸರ್ಕಾರಕ್ಕೂ ಸ್ವಲ್ಪ ಮುಜುಗರವಾಗುತ್ತದೆ. ನುಂಗಿಕೊಂಡರು.

ಹಕ್ಕಿಗಳ ಕಡೆಯಿಂದ

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಸಿಂಗಪುರದ ನಿಷೇಧ ನೆರೆಯವರ ಮೂಗು ಕಿವಿಗಳಿಗಾಗಿ ಬಂದದ್ದು. ಬೆಕ್ಕಿನ ವಿರುದ್ಧ ಇದಕ್ಕಿಂತ ಗಟ್ಟಿಯಾದ ವಾದ ಬೇರೆ ಇದೆ, ಅದು ಹಕ್ಕಿಗಳದ್ದು. ನ್ಯೂಜಿಲೆಂಡಿನ ದಕ್ಷಿಣ ತುದಿಯಲ್ಲಿ ಓಮಾವಿ ಎಂಬ ಪುಟ್ಟ ಊರಿದೆ. ಇರುವ ಬೆಕ್ಕುಗಳಿಗೆ ಸಂತಾನಹರಣ ಮಾಡಿಸಿ ಚಿಪ್ ಹಾಕಿಸಿ, ಅವು ಸತ್ತ ಮೇಲೆ ಊರಿಗೆ ಹೊಸ ಬೆಕ್ಕು ತರಬಾರದು ಎಂಬ ಪ್ರಸ್ತಾವವನ್ನು ಅಲ್ಲಿನ ಪ್ರಾದೇಶಿಕ ಮಂಡಳಿ 2018ರಲ್ಲಿ ಮುಂದಿಟ್ಟಿತು. ಸಸ್ತನಿ ಬೇಟೆಗಾರರೇ ಇಲ್ಲದ ನೆಲದಲ್ಲಿ ವಿಕಾಸವಾದ ಹಕ್ಕಿಗಳಿಗೆ ಬೆಕ್ಕೆಂದರೆ ಏನೆಂದೇ ಗೊತ್ತಿಲ್ಲ. ಜನ ವಿರೋಧಿಸಿದರು, ಅಂತಿಮ ಯೋಜನೆಯಲ್ಲಿ ನಿಷೇಧ ಬಿದ್ದುಹೋಯಿತು. ಅದು ಬಿದ್ದದ್ದು ನನಗೆ ಸಮಾಧಾನದ ಸಂಗತಿಯೇನಲ್ಲ. ಹಾರಲಾರದ ಹಕ್ಕಿಯೊಂದು ಕೊನೆಯದಾಗಿ ಉಳಿದಿರುವ ದ್ವೀಪವಿದ್ದರೆ ಅಲ್ಲಿ ಬೆಕ್ಕು ಬೇಡ ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಅಂಥ ಕಡೆಯೂ ನಿಷೇಧವೊಂದೇ ದಾರಿ ಅಲ್ಲ ಎನ್ನುವುದಕ್ಕೆ ಜರ್ಮನಿಯ ವಾಲ್‌ಡೋರ್ಫ್ ಇದೆ. ಸ್ಯಾಪ್ ಕಂಪನಿಯ ತವರಾದ್ದರಿಂದ ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಗೊತ್ತಿರುವ ಊರು. ನೆಲದ ಮೇಲೆ ಗೂಡು ಕಟ್ಟುವ ಜುಟ್ಟಿನ ಬಾನಾಡಿ ಹಕ್ಕಿಗಳು ಅಲ್ಲಿ ಬೆರಳೆಣಿಕೆಯಷ್ಟು ಜೋಡಿ ಉಳಿದಿದ್ದವು. 2022ರಲ್ಲಿ ಆಡಳಿತ, ಮರಿಗಳ ಕಾಲ ಮುಗಿಯುವವರೆಗೆ ಅಂದರೆ ಆಗಸ್ಟ್ ಕೊನೆಯವರೆಗೆ ಊರಿನ ಒಂದು ಭಾಗದ ಬೆಕ್ಕುಗಳನ್ನು ಮನೆಯೊಳಗೇ ಇಡಬೇಕೆಂದು ಆದೇಶಿಸಿತು. ಹೊರಬಿಟ್ಟರೆ 500 ಯೂರೊ, ಬೆಕ್ಕು ಹಕ್ಕಿಯನ್ನು ಕೊಂದರೆ 50,000 ಯೂರೊವರೆಗೆ. ಸಾಕುವುದಕ್ಕೆ ಅಡ್ಡಿಯಿಲ್ಲ, ಬಿಡುವುದಕ್ಕೆ ಅಡ್ಡಿ. ಅಲ್ಲಿ ಹಾಗೆ ಆದೇಶಿಸಲು ಸಾಧ್ಯವಾದದ್ದು ಯಾವ ಮನೆಯಲ್ಲಿ ಬೆಕ್ಕಿದೆ ಎಂಬುದನ್ನು ಯಾರೂ ಬಚ್ಚಿಟ್ಟಿರಲಿಲ್ಲವಾದ್ದರಿಂದ.

ನಮ್ಮ ಕಡೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ನಿವಾಸಿಗಳ ಸಂಘಗಳಿಗೆ ಸುತ್ತೋಲೆ ಕಳಿಸಿದೆ. ಬಹುಮತದ ಠರಾವು ಮಾಡಿದರೂ ಸಾಕುಪ್ರಾಣಿಗಳನ್ನು ನಿಷೇಧಿಸುವ ಹಾಗಿಲ್ಲ ಎನ್ನುತ್ತದೆ ಅದು. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ ಎಂಬ ಉಪನಿಯಮ ತಂದು, ಗದ್ದಲವಾಗಿ ಹಿಂದೆ ಸರಿಯಿತು. ಆ ಗಲಾಟೆಯಲ್ಲಿ ಬೆಕ್ಕಿನ ಮಾತನ್ನು ಯಾರೂ ಎತ್ತಲಿಲ್ಲ. ಬೆಂಗಳೂರಿನ ಕಾಗದಗಳಲ್ಲಿ ಬೆಕ್ಕು ಇನ್ನೂ ನಮ್ಮ ಅಜ್ಜಿ ಹೇಳಿದ ಹಾಗೇ ಇದೆ: ಅದಾಗೇ ಇದ್ದಾವೆ.

ಸಿಂಗಪುರದ ಎಚ್‌ಡಿಬಿ ಫ್ಲ್ಯಾಟುಗಳಲ್ಲಿ ಬಾಡಿಗೆಗಿರುವ ಕನ್ನಡದ ಕುಟುಂಬಗಳೂ ಇವೆ. ಅವರಿಗೆ ಮಂಡಳಿ ಈಗ ಅಡ್ಡಿಯಲ್ಲ. ಮನೆ ಓನರ್ ಒಪ್ಪಬೇಕು.